ಜೋನಿಯನ್ನು ಸೊಕ್ಕೆಗೆ ಕಳಿಸಿದವಳು ನಾನು

ಜೋನಿಯ ಸಾವಿಗೆ ಕಾರಣ ನಾನು. ನನ್ನ ತಮ್ಮ ಸಿದ್ದು ಅಲ್ಲ.

ಇಷ್ಟನ್ನು ನನ್ನ ಮಗಳ ಮುಂದೆ ಹೇಳಲು ನನಗೆ ವರ್ಷಗಳೇ ಬೇಕಾದವು. ನಾನು ಬಾಯಿ ಬಿಡುವ ಹೊತ್ತಿಗೆ ಸಿದ್ದು ಮಣ್ಣು ಸೇರಿದ್ದ. ಮಗಳಿಗೇನೋ ಹೇಳಿಯಾಯಿತು, ಆದರೆ ನಮ್ಮ ಬಳಗದಲ್ಲಿ ಇನ್ನೂ ಎಷ್ಟೋ ಜನ "ಸಿದ್ದಪ್ಪನ ಬೇಜವಾಬ್ದಾರಿ" ಎಂದೇ ಆ ಕತೆಯನ್ನು ಹೇಳುತ್ತಾರೆ. ಅವರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಚನ್ನಗಿರಿಯಲ್ಲಿ ಅಂಗನವಾಡಿ ಟೀಚರ್. ನಮ್ಮ ಓಣಿಯ ಬಸುರಿಯರನ್ನೆಲ್ಲ ತೂಕ ಮಾಡುವವಳು ನಾನು, ಅವರಿಗೆ ಊಟ ಬಡಿಸುವವಳು ನಾನು, ಬೈಯುವವಳೂ ನಾನೇ. ಗ್ರಹಣದ ದಿನ ಬಾಗಿಲು ಹಾಕಿಕೊಂಡು ಕೂತವರನ್ನು, ಮಗು ಕಪ್ಪಾಗುತ್ತದೆ ಎಂದು ಕಬ್ಬಿಣದ ಮಾತ್ರೆಯನ್ನು ಹಿತ್ತಲಿಗೆ ಎಸೆದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. "ಯಾವ ಕಾಲದಾಗೆ ಇದೀಯೇ ತಾಯಿ?" ಎಂದು ನಾಲ್ಕು ಜನರ ಮುಂದೆಯೇ ಕೇಳುತ್ತಿದ್ದೆ. ಸಿದ್ದುವಿನ ಹೆಂಡತಿ ಗಂಗಾ ಬಸುರಿಯಿದ್ದಾಗ ಗ್ರಹಣಕ್ಕೆ ಹೆದರಿ ಉಪವಾಸ ಕೂತಿದ್ದಳೆಂದು, ಅವರ ಊರು ಸೊಕ್ಕೆಗೇ ಹೋಗಿ, ಅವಳ ತವರಿನವರ ಎದುರಿಗೇ ಗಂಡ ಹೆಂಡಿರಿಬ್ಬರ ಬೆವರಿಳಿಸಿ ಬಂದಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರಲ್ಲ — ಆ ಗಾದೆ ನನಗೇ ಹೇಳಿ ಮಾಡಿಸಿದ್ದು ಎಂದು ಆಗ ಗೊತ್ತಿರಲಿಲ್ಲ.

ರೂಪಾ ನನ್ನ ಒಬ್ಬಳೇ ಮಗಳು. ಅವಳು ಶಾಲೆಗೆ ಹೋಗುವ ವಯಸ್ಸಿನಲ್ಲೇ ನನ್ನ ಯಜಮಾನರು ತೀರಿಕೊಂಡರು. ಆಮೇಲೆ ಅಪ್ಪನ ಜಾಗದಲ್ಲಿ ನಿಂತವನು ನನ್ನ ತಮ್ಮ ಸಿದ್ದು. ಜಗಳೂರು ತಾಲೂಕಿನ ಸೊಕ್ಕೆಯಲ್ಲಿ ನಾಲ್ಕು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ. ರೂಪಾಳಿಗೆ ಸೈಕಲ್ ಕಲಿಸಿದವನು ಅವನು. ನ್ಯಾಮತಿಯ ಗೊಬ್ಬರದ ಅಂಗಡಿಯವರ ಮನೆಯಿಂದ ಸಂಬಂಧ ಬಂದಾಗ ನನಗಿಂತ ಮೊದಲು ಹೋಗಿ ಹುಡುಗನನ್ನು ನೋಡಿಕೊಂಡು ಬಂದವನೂ ಅವನೇ. ಮದುವೆಯ ದಿನ ನಾನು ಅಳಲಿಲ್ಲ, ಅವನು ಅತ್ತ. ರೂಪಾಳಿಗೆ "ಮಾವ" ಎಂದರೆ ಸಾಕು, ಮುಖ ಅರಳುತ್ತಿತ್ತು.

ಮದುವೆಯಾದ ಮೇಲೆ ರೂಪಾಳಿಗೆ ಒಂದು ಬಸಿರು ನಿಂತು, ಆರನೇ ತಿಂಗಳಲ್ಲಿ ಹೋಯಿತು. ಆ ದುಃಖದಲ್ಲಿ ಅವಳು ನ್ಯಾಮತಿಯ ಮನೆಗೆ ಒಂದು ಹೆಣ್ಣು ನಾಯಿಮರಿ ತಂದುಕೊಂಡಳು. ಜೋನಿಬೆಲ್ಲದ ಬಣ್ಣ, ಅದಕ್ಕೇ ಜೋನಿ ಎಂದು ಹೆಸರಿಟ್ಟಳು. ಅದರ ಜೊತೆ ಮಾತಾಡುತ್ತ ಆಡುತ್ತ ನನ್ನ ಮಗಳು ಮತ್ತೆ ಮನುಷ್ಯಳಾದಳು. ಇದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೆ — ಕಂಡೂ...

ಎರಡನೇ ಸಲ ಬಸುರಿಯಾದಾಗ ನಾವು ಕುಬಸ, ಅಂದರೆ ಸೀಮಂತ, ಆಗುವವರೆಗೂ ಕಾಯಲಿಲ್ಲ. ಐದು ತುಂಬುತ್ತಿದ್ದಂತೆ ತವರಿಗೆ ಕರೆದುಕೊಂಡು ಬಂದೆ. ರೂಪಾ ಕಾರಿನಿಂದ ಇಳಿದಳು, ಅವಳ ಹಿಂದೆ ಜೋನಿಯೂ ಇಳಿಯಿತು. "ಅಮ್ಮಾ, ಇವಳನ್ನ ಬಿಟ್ಟು ಬರಾಕೆ ಆಗಲಿಲ್ಲ. ಹೊನ್ನಾಳಿ ಫ್ರೆಂಡ್ ಮನೆ ಗಂಡುನಾಯಿ ಜೊತೆ ಬಿಟ್ಟಿದ್ದೆ, ಗಬ್ಬ ನಿಂತಿರ್ಬೇಕು. ಇವಳಿಗೂ ಈಗ ಆರೈಕೆ ಬೇಕು" ಎಂದಳು. ನಾನು ನಕ್ಕೆ. ಒಳ್ಳೇದಾಯ್ತು ಬಿಡು, ಒಂದೇ ಖರ್ಚಿನಾಗೆ ಎರಡು ಬಾಣಂತನ ಎಂದೆ.

ಆ ಆರೈಕೆಯನ್ನು ನೋಡಬೇಕಿತ್ತು ನೀವು. ದನದ ಆಸ್ಪತ್ರೆಯ ಡಾಕ್ಟರ್ ಹೇಳಿದ್ದನ್ನು ರೂಪಾ ಮಂತ್ರದ ಹಾಗೆ ಪಾಲಿಸುತ್ತಿದ್ದಳು. ಕೂಡಿಸಿ ತಂದ ಹೊಸದರಲ್ಲಿ ಜೋನಿಯನ್ನು ಬೀದಿಯ ಗಂಡುನಾಯಿಗಳ ಹತ್ತಿರ ಸುಳಿಯಗೊಡಲಿಲ್ಲ. ಬಸುರಿ ಎಂದು ಮೊದಲ ವಾರಗಳಲ್ಲೇ ಸುರಿದು ತಿನ್ನಿಸಬಾರದಂತೆ, ಹೊಟ್ಟೆ ಕಾಣಿಸಿಕೊಂಡ ಮೇಲೆ ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಬೇಕಂತೆ. ಜಿಗಿಯಬಾರದು, ಮೆಟ್ಟಿಲು ಹತ್ತಬಾರದು, ಗಾಬರಿ ಆಗಬಾರದು. ಬೆಳಿಗ್ಗೆ ಬಸುರಿಯೂ ಬಸುರಿಯೂ ಸೇರಿ ನಿಧಾನಕ್ಕೆ ಓಣಿಯ ಕೊನೆಯವರೆಗೆ ನಡೆದು ಬರುತ್ತಿದ್ದರು. ನಮ್ಮದು ಮೊಟ್ಟೆ ಒಳಗೆ ಬಾರದ ಮನೆ. ಅದಕ್ಕಾಗಿ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ಮೂಗಿಗೆ ಸೆರಗು ಹಿಡಿದು ಜೋನಿಗೆ ಮೊಟ್ಟೆ ಬೇಯಿಸಿ ಕೊಟ್ಟವಳು ನಾನೇ. "ನೋಡ್ರಿ ಟೀಚರ್ ಮನಿ ಕತೆ!" ಎಂದು ಪಕ್ಕದ ಮನೆಯವರು ಚುಡಾಯಿಸುತ್ತಿದ್ದರು.

ಇದೆಲ್ಲದರ ಜೊತೆ ಡಾಕ್ಟರ್ ಒತ್ತಿ ಹೇಳಿದ್ದ ಒಂದು ಮಾತಿತ್ತು: ಕೇಳದೆ ಯಾವ ಔಷಧಿಯನ್ನೂ ಹಾಕಬೇಡಿ — ಹುಳದ ಮಾತ್ರೆ ಬೇಡ, ಮೈಗೆ ಹಚ್ಚುವ ಉಣ್ಣಿ ಔಷಧಿಯೂ ಬೇಡ. ದನಕ್ಕೆ, ನಾಯಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳ ಈ ಉಣ್ಣಿ. ಅದನ್ನು ಕೊಲ್ಲುವ ಔಷಧಿ ಒಂದು ಬಗೆಯ ವಿಷವೇ. ಆ ಮಾತನ್ನು ನಾನು ನನ್ನ ಕಿವಿಯಿಂದಲೇ ಕೇಳಿದ್ದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಹೀಗಿರುವಾಗ ನ್ಯಾಮತಿಯಿಂದ ನಮ್ಮ ಬೀಗಿತ್ತಿ, ರೂಪಾಳ ಅತ್ತೆ, ಸೊಸೆಯನ್ನು ನೋಡಲು ಬಂದರು. ಕೆಟ್ಟವರಲ್ಲ. ಸೊಸೆಗೆ ಇಷ್ಟವೆಂದು ಹುಣಸೆ ತೊಕ್ಕು ಮಾಡಿ ತಂದಿದ್ದರು. ಹೊರಡುವಾಗ ಬಾಗಿಲ ಹತ್ತಿರ ನನ್ನ ಕೈ ಹಿಡಿದುಕೊಂಡು, ದನಿ ತಗ್ಗಿಸಿ ಹೇಳಿದರು: "ಬೀಗ್ತಿಯವ್ರೇ, ತಪ್ಪು ತಿಳ್ಕಾಬ್ಯಾಡ್ರಿ. ಒಂದೇ ಸೂರಿನ ಕೆಳಗೆ ಎರಡು ಬಸಿರು ಇರಬಾರ್ದು ಅಂತಾರೆ. ಒಂದು ಇನ್ನೊಂದನ್ನ ನುಂಗ್ತೈತಂತೆ. ಹೋದ್ಸಲ ನಮ್ಮ ಹಿತ್ಲಾಗೆ ಎಮ್ಮೆ ಗಬ್ಬ ಇತ್ತು ನೋಡ್ರಿ. ಅದು ಈದ ವಾರದಾಗೇ ನಮ್ಮ ರೂಪಾಗೆ ಹಂಗಾತು."

ಅಯ್ಯೋ, ಎಂಥ ಮಾತ್ರೀ ಎಂದು ನಕ್ಕು ಕಳಿಸಿದೆ. ನಕ್ಕಿದ್ದು ನಿಜ. ಆದರೆ ಬಾಗಿಲು ಹಾಕಿ ಒಳಗೆ ಬಂದಾಗ, ರೂಪಾ ಚಾಪೆಯ ಮೇಲೆ ಒರಗಿದ್ದಳು, ಅವಳ ಕಾಲಿಗೆ ಬೆನ್ನು ಹಚ್ಚಿ ಜೋನಿ ಮಲಗಿತ್ತು. ಅಲ್ಲಿಯತನಕ ಮುದ್ದು ಬರುತ್ತಿದ್ದ ಆ ನಾಯಿಯ ಹೊಟ್ಟೆ ಅವತ್ತಿನಿಂದ ನನ್ನ ಕಣ್ಣಿಗೆ ಬೇರೆಯೇ ಕಂಡಿತು. ಅದು ಚೆನ್ನಾಗಿ ತಿಂದ ದಿನ ರೂಪಾ ಊಟ ಬಿಟ್ಟರೆ — ನೋಡು, ನೋಡು, ಎನ್ನುತ್ತಿತ್ತು ಮನಸ್ಸು. ಬೇರೆ ಯಾರಾದರೂ ನನ್ನ ಮುಂದೆ ಹೀಗೆ ಅಂದಿದ್ದರೆ ಜನ್ಮ ಜಾಲಾಡುತ್ತಿದ್ದೆ. ನನಗೆ ನಾನೇ ಏನೂ ಹೇಳಿಕೊಳ್ಳಲಿಲ್ಲ. ಹೆದರಿಕೆಯನ್ನು ಒಳಗೊಳಗೇ ಸಾಕಿದೆ.

ಕೊನೆಗೆ ಒಂದು ದಿನ ಮಗಳಿಗೆ ಸುಳ್ಳು ಹೇಳಿದೆ. ಹೆರಿಗೆ ಡಾಕ್ಟರಮ್ಮ ನನ್ನ ಹತ್ತಿರ ಬೇರೆಯಾಗಿ ಹೇಳಿದ್ದಾರೆ, ಮನೆಯಲ್ಲಿ ನಾಯಿ ಇದ್ದರೆ ನಿನಗೆ ಸೋಂಕು ತಗಲುತ್ತದಂತೆ, ಹೆರಿಗೆ ಆಗುವತನಕ ಜೋನಿ ಸೊಕ್ಕೆಯಲ್ಲಿ ಮಾವನ ಹತ್ತಿರ ಇರಲಿ. ಒಂದು ಮಗುವನ್ನು ಕಳೆದುಕೊಂಡವಳು, ಡಾಕ್ಟರ್ ಹೆಸರು ಹೇಳಿದ ಮೇಲೆ ಏನು ವಾದ ಮಾಡಿಯಾಳು? "ಮಾವನ ಹತ್ರ ಆದ್ರೆ ಸರಿ. ಆದ್ರೆ ಅಮ್ಮಾ, ಡಾಕ್ಟರ್ ಹೇಳಿದ್ದು ಅಷ್ಟೂ ಮಾವಂಗೆ ನೀನೇ ಬಿಡಿಸಿ ಹೇಳ್ಬೇಕು. ಹೇಳ್ತೀಯಲ್ಲ?"

"ಹೇಳ್ತೀನಿ ಕಣೇ" ಎಂದೆ.

ಸಂತೇಬೆನ್ನೂರು ಸಂತೆಯ ದಿನ ಸಿದ್ದು ಪರಿಚಯದವನ ಗೂಡ್ಸ್ ಆಟೋದಲ್ಲಿ ಎಮ್ಮೆಗೆ ಹಗ್ಗ, ಮೇವಿನ ಬೀಜ ಎಂದು ಏನೇನೋ ಕೊಳ್ಳಲು ಬರುವವನಿದ್ದ. ನಾನು ಜೋನಿಯನ್ನು ಅಲ್ಲಿಗೇ ಕರೆದೊಯ್ದೆ. ಅವನಿಗೆ ಇನ್ನೊಂದು ಸುಳ್ಳು ಸಿದ್ಧವಾಗಿತ್ತು: ರೂಪಾಳಿಗೆ ನಾಯಿಯ ಕೂದಲಿಗೆ ಅಲರ್ಜಿ ಆಗಿದೆ. ಜೋನಿಯನ್ನು ಎತ್ತಿ ಗಾಡಿಗೆ ಹಾಕುತ್ತ ಸಿದ್ದು ನಕ್ಕ. ಅವನಿಗೆ ನನ್ನನ್ನು ರೇಗಿಸದೆ ಅನ್ನ ಇಳಿಯುತ್ತಿರಲಿಲ್ಲ. "ಏನಕ್ಕಾ, ನಾಯಿನೂ ಬಾಣಂತನಕ್ಕೆ ತವರಿಗೆ ಕಳಸ್ತಿದೀಯೇನು?"

ಅವನು ತಮಾಷೆಗೆ ಅಂದದ್ದು. ಆಗ "ಹೌದೋ ಮಾರಾಯ, ಗಬ್ಬ ಐತೆ, ಹುಷಾರು" ಎಂದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು — ಗಬ್ಬದ ನಾಯಿಯನ್ನು ಈಗ್ಯಾಕೆ ಊರೂರು ತಿರುಗಿಸ್ತೀಯಕ್ಕಾ ಎಂದು. ಗ್ರಹಣಕ್ಕೆ ಹೆದರಿದ ಅವನ ಹೆಂಡತಿಯ ಮಾನ ಕಳೆದು ಬಂದವಳು, ನಾನೇ ಇಂಥದ್ದಕ್ಕೆ ಹೆದರಿದ್ದೇನೆ ಎಂದು ಅವನಿಗೆ ಗೊತ್ತಾಗಿಬಿಡುತ್ತಿತ್ತು. ಸೊಕ್ಕೆಯ ಮನೆಯಲ್ಲಿ ವರ್ಷಗಟ್ಟಲೆ ನಗಾಡುತ್ತಿದ್ದರು. ಆ ನಗು ನನಗೆ ಬೇಡವಾಗಿತ್ತು. "ಹೋಗೋ, ನಿನ್ನ ಬಾಯಿಗಿಷ್ಟು!" ಎಂದು ಅವನ ಬೆನ್ನಿಗೆ ಗುದ್ದಿದೆ. ಗಾಡಿ ಹೊರಟಿತು. ಜೋನಿ ನನ್ನನ್ನೇ ನೋಡುತ್ತಿತ್ತು.

ರೂಪಾ ಆಗಾಗ ಮಾವನಿಗೆ ಫೋನ್ ಮಾಡುತ್ತಿದ್ದಳು. ನಾನು ಪಕ್ಕದಲ್ಲೇ ಕೂತು, ಯಾವ ಗಳಿಗೆಯಲ್ಲಿ ಏನು ಬಯಲಾಗುತ್ತದೋ ಎಂದು ಕಿವಿಗೊಟ್ಟಿರುತ್ತಿದ್ದೆ. "ಹೆಂಗದಾಳೆ ಮಾವಾ?" "ಚೆನ್ನಾಗದಾಳೆ ತಾಯಿ. ಮಜ್ಜಿಗೆ ಅನ್ನ ಉಂಡು ಮೈ ಕೈ ತುಂಬ್ಕಂಡಾಳೆ." ರೂಪಾಳಿಗೆ ಖುಷಿ. ಉಂಡು ಕೊಬ್ಬಿದೆ ಎಂದು ಅವನು ಹೇಳುತ್ತಿದ್ದ, ಬಸಿರು ಬೆಳೆದಿದೆ ಎಂದು ಇವಳು ಕೇಳಿಸಿಕೊಳ್ಳುತ್ತಿದ್ದಳು. ನಡುವೆ ನಾನಿದ್ದೆ, ಎರಡನ್ನೂ ತಿಳಿದವಳು.

ಅವನ ಎಮ್ಮೆಗಳಿಗೆ ಉಣ್ಣಿ ಹತ್ತಿತ್ತಂತೆ. ಹತ್ತಿರ ಕಟ್ಟಿದ್ದ ಜೋನಿಯ ಕಿವಿಯಲ್ಲೂ ಕಂಡವಂತೆ. ನಮ್ಮ ಸಿದ್ದು — ಅಕ್ಕನ ಮಗಳ ನಾಯಿ, ಚೊಕ್ಕಟವಾಗಿರಲಿ ಎಂದು — ಎಮ್ಮೆಗಳ ಮೈ ತೊಳೆಯಲು ಕಲಸಿದ ಔಷಧಿ ನೀರಿನಲ್ಲೇ ಅದರ ಮೈಯನ್ನೂ ಉಜ್ಜಿ ತೊಳೆದ. ನಾಯಿ ಮೈ ನೆಕ್ಕಿಕೊಂಡಿತು. ಸಂಜೆಗೆ ನಡುಗತೊಡಗಿ ಬಾಯಲ್ಲಿ ನೊರೆ ಬಂತು. ಸಿದ್ದು ಅದನ್ನು ಟವೆಲ್ಲಿನಲ್ಲಿ ಸುತ್ತಿ, ಬೈಕಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಜಗಳೂರಿಗೆ ಓಡಿದ. ಅಲ್ಲಿಯ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, "ಗಬ್ಬದ ನಾಯಿಗೆ ಇದನ್ನ ಹಾಕಿದ್ರೇನ್ರೀ?" ಎಂದಾಗಲೇ ಅವನಿಗೆ ಗೊತ್ತಾಗಿದ್ದು. ಮರಿಗಳು ಹೋದವು. ಮಾರನೆಯ ದಿನ ಜೋನಿಯೂ ಹೋಯಿತು.

ಅವನು ಫೋನ್ ಮಾಡಿದ್ದು ನನಗೆ. ಗಂಡಸು, ಫೋನಿನಲ್ಲಿ ಬಿಕ್ಕುತ್ತಿದ್ದ. "ಅಕ್ಕಾ, ಗಬ್ಬ ಇತ್ತಲ್ಲಕ್ಕಾ... ಒಂದು ಮಾತು ಹೇಳಿದ್ರೆ ನಾನು ಔಷಧಿ ಮುಟ್ಟಿಸ್ತಿದ್ನಾ? ಯಾಕಕ್ಕಾ ಹೇಳಲಿಲ್ಲ?"

ಇಲ್ಲಿಯತನಕ ಬರೆದದ್ದನ್ನು ರೂಪಾಳಿಗೂ ಹೇಳಿದ್ದೇನೆ. ಇನ್ನು ಬರೆಯುವುದನ್ನು ಅವಳಿಗೆ ಹೇಳುವಾಗ ನಾಲಿಗೆ ಏಳಲಿಲ್ಲ, ಆದರೂ ಹೇಳಿದೆ. ಜೋನಿ ಸತ್ತ ಸುದ್ದಿ ಕೇಳಿದ ಗಳಿಗೆಯಲ್ಲಿ ನನಗೆ ಸಂಕಟವಾದದ್ದು ಹೌದು. ಆದರೆ ಅದರ ಕೆಳಗೆ, ಒಂದು ಕ್ಷಣ — ನನಗೆ ಸಮಾಧಾನವಾಯಿತು. ಒಂದು ಹೋಯಿತು, ಇನ್ನು ನನ್ನ ಮಗಳದ್ದು ಉಳಿಯುತ್ತದೆ, ಎಂದುಕೊಂಡೆ. ಹಾಗೆಯೇ, ಇದೇ ಮಾತುಗಳಲ್ಲಿ ಅಂದುಕೊಂಡೆ. ಎಷ್ಟು ಬಸುರಿಯರಿಗೆ ಬುದ್ಧಿ ಹೇಳಿದವಳು ನಾನು! ಥೂ, ನನ್ನ ಜನ್ಮಕ್ಕಿಷ್ಟು.

ಆಮೇಲೆ ತಮ್ಮನಿಗೆ ಹೇಳಿದೆ: ಈಗ ರೂಪಾಳಿಗೆ ನಿಜ ಹೇಳಿದರೆ ಅವಳ ಜೀವಕ್ಕೆ ಅಪಾಯ. ನಾಯಿ ಸತ್ತಿತು ಅನ್ನಬೇಡ. ಹಗ್ಗ ಬಿಚ್ಚಿಕೊಂಡು ಎಲ್ಲೋ ಹೋಯಿತು, ಹುಡುಕುತ್ತಿದ್ದೇನೆ ಅನ್ನು. ಹೆರಿಗೆ ಆಗಲಿ, ನಾನೇ ಎಲ್ಲ ಹೇಳುತ್ತೇನೆ. ಅವನು ಹೂಂ ಎಂದ. ಅಕ್ಕ ಹೇಳಿದ ಮೇಲೆ ಅವನಿಗೆ ಇನ್ನೊಂದು ಮಾತಿರಲಿಲ್ಲ, ಚಿಕ್ಕಂದಿನಿಂದಲೂ.

ನಾಯಿ ಕಳೆದುಹೋಯಿತು ಎಂದು ಕೇಳಿ ರೂಪಾ ಅತ್ತಳು. ಅತ್ತು ಅತ್ತು, ಫೋನ್ ತೆಗೆದುಕೊಂಡು, ನನ್ನೆದುರಿಗೇ ಸ್ಪೀಕರ್ ಹಾಕಿ ಅವನನ್ನು ಕೇಳಿದಳು. "ಮಾವಾ, ಅವಳು ಗಬ್ಬ ಅದಾಳೆ, ಹೆಂಗೆ ನೋಡ್ಕಾಬೇಕು ಅಂತ ಅಮ್ಮ ನಿಂಗೆ ಎಲ್ಲಾ ಹೇಳಿದ್ಲು ತಾನೆ?"

ಆ ಕಡೆಯಿಂದ ಎಮ್ಮೆಯ ಕೊರಳ ಗಂಟೆ ಮಾತ್ರ ಕೇಳುತ್ತಿತ್ತು. ಅವನು ಇಲ್ಲ ಎಂದರೆ ನಾನು ಸಿಕ್ಕಿಬೀಳುತ್ತಿದ್ದೆ. ನಾನು ಅಲ್ಲೇ ಕೂತಿದ್ದೇನೆ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ...

"ಹೇಳಿದ್ಲವ್ವಾ," ಎಂದ ಸಿದ್ದು. "ಎಲ್ಲಾ ಹೇಳಿದ್ಲು. ನಂದೇ ತಪ್ಪು."

ರೂಪಾ ಫೋನ್ ಇಟ್ಟಳು. ಅದೇ ಕೊನೆ. ಅವಳು ಮತ್ತೆ ಮಾವನ ಜೊತೆ ಮಾತಾಡಲಿಲ್ಲ.

ರೂಪಾಳಿಗೆ ಹೆಣ್ಣು ಮಗುವಾಯಿತು, ಸುಖವಾಗಿ ಆಯಿತು. ಸಿದ್ದು ಮನೆಯ ತುಪ್ಪ ಕಾಯಿಸಿ ತಂದ. ರೂಪಾ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅವನು ಹೊರಗಿನ ಕುರ್ಚಿಯ ಮೇಲೆ ಕೂತು, ನಾನು ಕೊಟ್ಟ ಚಹಾ ಕುಡಿದು, "ಬರ್ಲೇನಕ್ಕಾ" ಎಂದು ಎದ್ದು ಹೋದ. ತಾನು ಸೈಕಲ್ ಕಲಿಸಿದ ಹುಡುಗಿಯ ಮಗಳ ಮುಖವನ್ನು ಅವತ್ತು ಅವನಿಗೆ ನೋಡಲಾಗಲಿಲ್ಲ. ನಾನು ಒಳಗೆ ಹೋಗಿ ಹೇಳಬಹುದಿತ್ತು. ಬಾಣಂತಿ, ಎದೆಹಾಲು ಬತ್ತೀತು ಎಂದು ಸುಮ್ಮನಿದ್ದೆ. ಆಮೇಲೆ ಮಗು ಸಣ್ಣದು ಎಂದೆ. ಆಮೇಲೆ, ಈಗೇಕೆ ಹಳೆಯದನ್ನು ಕೆದಕುವುದು ಎಂದೆ. ಮುಂದೂಡಲು ನೆವಕ್ಕೆ ಬರವೇ? ತೊಟ್ಟಿಲಿಗೆ ಹಾಕುವಾಗ ಅವನನ್ನು ಕರೆಯಲಿಲ್ಲ, ಮಗುವಿನ ಕಿವಿ ಚುಚ್ಚಿಸುವಾಗಲೂ ಕರೆಯಲಿಲ್ಲ. ನೆಂಟರು "ಯಾಕಂತೆ?" ಎಂದು ಕೇಳಿದರೆ, "ನಾಯಿ ವಿಷಯದಾಗೆ ಸ್ವಲ್ಪ ಬೇಜವಾಬ್ದಾರಿ ಮಾಡಿದ" ಎಂದು ನಾನೇ, ನನ್ನ ಬಾಯಿಂದಲೇ ಹೇಳಿದ್ದೇನೆ.

ಒಂದೇ ಒಂದು ಸಲ ಅವನು ಕೇಳಿದ್ದ. ದಾವಣಗೆರೆಯ ಒಂದು ಮದುವೆಯಲ್ಲಿ ರೂಪಾ ಅವನನ್ನು ಕಂಡು ಊಟದ ಪಂಕ್ತಿಯಿಂದ ಎದ್ದು ಹೋದಳು. ಕೈ ತೊಳೆಯುವ ಹತ್ತಿರ ಅವನು ನನ್ನ ಪಕ್ಕ ಬಂದು ನಿಂತು, "ಅಕ್ಕಾ, ಈಗ ಹೇಳಬಹುದಲ್ಲ? ಕೂಸು ದೊಡ್ದಾಗೈತೆ" ಎಂದ. ಬೇಡಿಕೊಂಡ ಹಾಗಿತ್ತು ಆ ದನಿ. ನಾನು "ಹೂಂ ಕಣೋ, ಹೇಳ್ತೀನಿ" ಎಂದೆ. ಮನೆಗೆ ಬಂದು ಹೇಳಲಿಲ್ಲ. ಅವನು ಮತ್ತೆ ಕೇಳಲಿಲ್ಲ.

ಹೋದ ಬೇಸಿಗೆಯಲ್ಲಿ, ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕಿ ಕ್ಯಾನ್ ಎತ್ತಲು ಬಗ್ಗಿದ ಸಿದ್ದು ಮೇಲೇಳಲಿಲ್ಲ. ಎದೆನೋವು ಎಂದರು. ನಾನು ರೂಪಾಳಿಗೆ ಫೋನ್ ಮಾಡಿದೆ. "ನೀನು ಹೋಗಿ ಬಾ ಅಮ್ಮಾ. ನಾನು ಬರಲ್ಲ" ಎಂದಳು. ಅವಳದೇನು ತಪ್ಪು? ಅವಳಿಗೆ ಗೊತ್ತಿದ್ದದ್ದೇ ಅಷ್ಟು. ಸೊಕ್ಕೆಯಲ್ಲಿ ಹೆಣದ ಮುಂದೆ ಕೂತಾಗ ಗಂಗಾ ನನ್ನ ಭುಜ ಹಿಡಿದು, "ರೂಪಾ ಬರಲಿಲ್ಲೇನ್ರೀ ಅತ್ಗೆಮ್ಮಾ?" ಎಂದು ಕೇಳಿದಳು. ಅವಳಿಗೆ ಎಲ್ಲ ಗೊತ್ತು, ಅವನು ಹೇಳಿಯೇ ಇರುತ್ತಾನೆ. ಆದರೂ ಅಷ್ಟು ಜನರ ನಡುವೆ ಅವಳು ಇನ್ನೊಂದು ಮಾತು ಆಡಲಿಲ್ಲ. ನಾನು ಅವಳ ಮಾನ ಕಳೆದಿದ್ದೆ. ಅವಳು ನನ್ನದನ್ನು ಉಳಿಸಿದಳು. ನನ್ನ ತಮ್ಮನ ಬಾಯಿಗೆ ಅಕ್ಕಿಕಾಳು ಹಾಕುವಾಗಲೂ ನಾನು ಸುಮ್ಮನೇ ಇದ್ದೆ.

ಈಗ ಒಂದು ವಾರದ ಕೆಳಗೆ ರೂಪಾ ಬಂದಳು. ಅವಳ ಹತ್ತಿರ ಈಗ ಇನ್ನೊಂದು ಹೆಣ್ಣುನಾಯಿ ಇದೆ, ರಾಣಿ ಎಂದು. ಅದನ್ನೂ ಗಂಡಿನ ಜೊತೆ ಬಿಟ್ಟು, ಗಬ್ಬ ನಿಂತದ್ದು ಗೊತ್ತಾದ ಮೇಲೆ ಕರೆದುಕೊಂಡು ಬಂದಿದ್ದಳು. ನ್ಯಾಮತಿಯ ಮನೆ ರಿಪೇರಿ ನಡೆದಿದೆ, ಗಲಾಟೆಯಲ್ಲಿ ಅದು ಗಾಬರಿಯಾಗುತ್ತದೆ, ಮರಿ ಹಾಕುವತನಕ ನಿನ್ನ ಹತ್ತಿರ ಇರಲಿ ಎಂದಳು. ಏನು ತಿನ್ನಿಸಬೇಕು, ಏನು ಮಾಡಬಾರದು ಎಂದೆಲ್ಲ ಹೇಳಿ, ಕೊನೆಗೆ, "ನಿನ್ನ ಬಿಟ್ರೆ ಯಾರನ್ನೂ ನಂಬಲ್ಲಮ್ಮಾ. ಹೋದ್ಸಲ ಮಾವನ ಕೈಗೆ ಕೊಟ್ಟು ಕೆಟ್ಟೆ" ಎಂದಳು.

ರಾಣಿಯ ಹಗ್ಗ ನನ್ನ ಕೈಯಲ್ಲಿತ್ತು. ತೆಗೆದುಕೊಂಡು ಒಳಗೆ ಹೋಗಿದ್ದರೆ ಈ ಸಲವೂ ನಡೆದುಹೋಗುತ್ತಿತ್ತು. ಕೇಳುವ ಸಿದ್ದುವೂ ಇರಲಿಲ್ಲ. ಹಗ್ಗವನ್ನು ಅವಳ ಕೈಗೇ ವಾಪಸು ಕೊಟ್ಟು, "ಕೂತ್ಕೊ" ಎಂದೆ. ಹೇಳಿದೆ. ಬೀಗಿತ್ತಿಯ ಮಾತಿನಿಂದ ಹಿಡಿದು ಆ ಒಂದು ಕ್ಷಣದ ಸಮಾಧಾನದವರೆಗೆ ಎಲ್ಲ.

ರೂಪಾ ಅಳಲಿಲ್ಲ. ಬೈಯಲಿಲ್ಲ. ನಾಯಿಯ ತಲೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ಆಮೇಲೆ ಕೇಳಿದಳು: "ನಾನು ಯಾಕೆ ಮಾತು ಬಿಟ್ಟೆ ಅಂತ ಮಾವಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ... ಒಂದ್ಸಲನಾದ್ರೂ ಕೇಳಿದ್ನಾ, ನಂಗೆ ನಿಜ ಹೇಳು ಅಂತ?"

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದಿದ್ದರೆ ಅವಳಿಗೂ ಸ್ವಲ್ಪ ಹಗುರವಾಗುತ್ತಿತ್ತೇನೋ. "ಕೇಳಿದ್ದ," ಎಂದೆ.

ರೂಪಾ ಎದ್ದಳು. ರಾಣಿಯನ್ನು ಜೋಪಾನವಾಗಿ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದಳು. ಎಲ್ಲಿಗೆ ಎಂದು ಕೇಳಿದೆ. "ಸೊಕ್ಕೆಗೆ. ಗಂಗತ್ತೆ ಹತ್ರ" ಎಂದಳು. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತ, ಇರು, ನಾನೂ ಬರ್ತೀನಿ ಎಂದೆ.

"ಬ್ಯಾಡಮ್ಮಾ," ಎಂದಳು ನನ್ನ ಮಗಳು, ನನ್ನ ಮುಖ ನೋಡದೆ. "ನೀನು ಬಂದ್ರೆ ಅಲ್ಲೂ ಏನಾದ್ರೂ ಒಂದು ಸುಳ್ಳು ಹೇಳಿಬಿಡ್ತೀಯ."

ಕಾರು ಹೋಯಿತು. ನಾನು ಮೆಟ್ಟಿದ್ದ ಚಪ್ಪಲಿಯನ್ನು ಬಿಚ್ಚಿ ಬಾಗಿಲಲ್ಲಿ ನಿಂತೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.